ಮಿಡಲ್ ಸ್ಕೂಲಿನ ಪ್ರಯೋಗಪಾಠ

ನೀರು ನೂರು ಡಿಗ್ರಿ ಉಷ್ಣತೆಯಲ್ಲಿ ಕುದಿಯುವುದೆಂಬುದು ಮಿಡಲ್ ಸ್ಕೂಲಿನ ಮಕ್ಕಳಿಗೆಲ್ಲ ಕಂಠಪಾಠವಾಗಿರುವ ಸಂಗತಿಯಷ್ಟೆ. ಆದರೆ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದಲ್ಲಿ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ಉಷ್ಣಮಾಪಕವನ್ನು ಅದರೊಳಗೆ ಇಳಿಬಿಟ್ಟು ನೋಡಿದವರಿಗೆ ನೂರರ ಗೆರೆ ದೊರೆಯಲಾರದು. ನೀರು ಕೊತಕೊತನೆ ಕುದಿಯುತ್ತಿರುವಾಗಲೂ ನಳಿಗೆಯ ದ್ರವವು 97ರ ಸುಮಾರಿನಲ್ಲಿಯೇ ನಿಂತುಬಿಡುವುದು. ಈ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಡಲತೀರದಲ್ಲಿ 76 ಸೆಂಟಿಮೀಟರ್ ಪಾದರಸವನ್ನು ಎತ್ತಿಹಿಡಿಯುವ ವಾಯುಭಾರವು ಇಲ್ಲಿ ಸುಮಾರು 68 ಸೆಂಟಿಮೀಟರನ್ನು ಮಾತ್ರ ಎತ್ತಿಹಿಡಿಯಬಲ್ಲುದು. ಮೇಲಿನ ಒತ್ತಡ ಕಡಮೆಯಾದುದರಿಂದ ನೀರು ಬೇಗನೆ ಕುದಿಯುವುದು. ಇಂತಿರಲು, ವಿದ್ಯಾರ್ಥಿಯು ತನ್ನ ಪುಸ್ತಕದಲ್ಲಿ ಯಾವುದನ್ನು ಬರೆಯತಕ್ಕದ್ದು? ಕಣ್ಣು ಕಂಡ 97ನ್ನೋ, ಪಾಠದಲ್ಲಿ ಅಚ್ಚಾಗಿರುವ 100ನ್ನೋ? ನಮ್ಮ ಶಾಲೆಗಳಲ್ಲಿ ಭೌತವಿಜ್ಞಾನದ ಪ್ರಯೋಗಪಾಠವು ನಡೆದುಬಂದ ಚರಿತ್ರೆಯೆಲ್ಲವೂ ಈ ಒಂದು ಪ್ರಶ್ನೆಯ ಸುತ್ತ ಸುತ್ತಿಕೊಂಡಿದೆ.

ಹೊಸೂರು ರಸ್ತೆಯ ಮೇಲಿರುವ ಬೊಮ್ಮಸಂದ್ರವು ಒಂದು ಕಾಲದಲ್ಲಿ ರಾಗಿಯ ಹೊಲಗಳ ನಡುವಣ ಗ್ರಾಮವಾಗಿದ್ದಿತು. ಈಗ ಅದು ದೊಡ್ಡದೊಂದು ಕೈಗಾರಿಕಾ ಪ್ರದೇಶ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಮೆಟ್ರೋ ರೈಲು ಸಹ ಅಲ್ಲಿಯ ವರೆಗೆ ಬಂದಿತು. ಯಂತ್ರದ ಬಿಡಿಭಾಗವನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ವರೆಗೆ ಅಳೆಯುವುದು ಇಂಥ ಕಾರ್ಖಾನೆಗಳಲ್ಲಿ ದಿನದ ಕೆಲಸ. ಅಳತೆಯೆಂಬುದು ಈ ನಾಡಿಗೆ ಹೊಸದೂ ಅಲ್ಲ. ಏತದ ಮರವನ್ನು ಎಲ್ಲಿ ಆನಿಸಿದರೆ ಎಷ್ಟು ಭಾರ ಏಳುವುದೆಂದು ರೈತನು ಬಲ್ಲವನಾಗಿದ್ದನು. ಗೋಡೆಯು ನೆಟ್ಟಗಿದೆಯೇ ಎಂದು ಗಾರೆಯವನು ತೂಗುಗುಂಡನ್ನು ಬಿಟ್ಟು ನೋಡುತ್ತಿದ್ದನು. ಸನ್ನೆಯ ನಿಯಮವೂ ಭೂಮಿಯ ಆಕರ್ಷಣೆಯೂ ಅವರ ಕೈಯಲ್ಲಿದ್ದವು. ಶಾಲೆಯು ಮಾತ್ರ ಕೈಯನ್ನು ಹೊರಗೆ ನಿಲ್ಲಿಸಿ ಕಿವಿಯನ್ನು ಒಳಗೆ ಕರೆಯಿತು. ಗ್ರಂಥವನ್ನು ಬಾಯಿಪಾಠ ಮಾಡಿ ಒಪ್ಪಿಸುವ ಹಳೆಯ ರೂಢಿಗೆ ಪರೀಕ್ಷೆಯ ಹೊಸ ಪದ್ಧತಿಯೂ ಬಂದು ಸೇರಲು, ವಿಜ್ಞಾನವೂ ಒಪ್ಪಿಸತಕ್ಕ ಪಾಠಗಳಲ್ಲೊಂದಾಯಿತು.

ಈ ದೋಷವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬಾತನು, ಹುಡುಗನು ವಿಜ್ಞಾನವನ್ನು ಕೇಳಿ ತಿಳಿಯುವುದಕ್ಕೆ ಬದಲಾಗಿ ತಾನೇ ಶೋಧಿಸಿ ತಿಳಿಯಬೇಕೆಂದು ವಾದಿಸಿದನು. ಆದರೆ ಕನ್ನಡದ ಮಕ್ಕಳಿಗೆ ಅದಕ್ಕೂ ಮೊದಲು ದಾಟಬೇಕಾದ ಇನ್ನೊಂದು ಹೊಸ್ತಿಲಿದ್ದಿತು. ಕೈಯಲ್ಲಿರುವ ವಸ್ತುವಿಗೆ ತಾಯಿನುಡಿಯಲ್ಲಿ ಹೆಸರಿಲ್ಲದೆಹೋದರೆ, ಕಂಡದ್ದನ್ನು ಮಗುವು ಹೇಳುವುದೆಂತು? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಇದನ್ನು ಮನಗಂಡು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯು ಬಹುಕಾಲ ಬಾಳಲಿಲ್ಲವಾದರೂ, ಭೌತಶಾಸ್ತ್ರವನ್ನು ಕನ್ನಡದಲ್ಲಿ ಆಡಬಹುದೆಂಬ ಧೈರ್ಯವನ್ನು ಅದು ಉಳಿಸಿಹೋಯಿತು.

ಹತ್ತು ವರ್ಷಗಳ ತರುವಾಯ ಬೆಂಗಳೂರಿನಲ್ಲಿಯೇ ಇನ್ನೊಂದು ಪಾಠವು ನಡೆಯಿತು. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಂಡುಕೊಂಡ ಬೆಳಕಿನ ಹೊಸ ಪರಿಣಾಮವನ್ನು ಚಂದ್ರಶೇಖರ ವೆಂಕಟರಾಮನ್ ಅವರು ಮಾರ್ಚ್ 16ರಂದು ಬೆಂಗಳೂರಿನ ಸಭೆಯೊಂದರಲ್ಲಿ ವಿಸ್ತಾರವಾಗಿ ವಿವರಿಸಿದರು. ಆ ಶೋಧನೆಯ ಮೊದಲಿನ ಅವಲೋಕನಗಳಿಗೆ ಬಳಸಿದುದು ಬಿಸಿಲು, ಬಣ್ಣದ ಗಾಜು, ಶುದ್ಧವಾದ ದ್ರವ, ಮತ್ತು ಮನುಷ್ಯನ ಕಣ್ಣು. ಎರಡು ವರ್ಷಗಳಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವು ದೊರೆಯಿತು. ಬೆಲೆಬಾಳುವ ಉಪಕರಣವಿಲ್ಲದೆ ವಿಜ್ಞಾನವಿಲ್ಲವೆಂದು ಹೇಳುವವರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರವು ದೊರೆಯದು.

ಸ್ವಾತಂತ್ರ್ಯವು ಬಂದ ಬಳಿಕ ಉಪಕರಣಗಳ ವಿಚಾರವು ಸರಕಾರದ ಲಕ್ಷ್ಯಕ್ಕೆ ಬಂದಿತು. ಡಬ್ಬ, ಸೀಸೆ, ತಂತಿಗಳಿಂದಲೇ ಶಾಲೆಯ ಸಾಧನಗಳನ್ನು ಮಾಡಿಕೊಳ್ಳುವ ಬಗೆಯನ್ನು ತಿಳಿಸುವ ಯುನೆಸ್ಕೋ ಸಂಸ್ಥೆಯ ಕೈಪಿಡಿಯು 1956ರಲ್ಲಿ ಪ್ರಕಟವಾಯಿತು. 1966ರಲ್ಲಿ ಕೊಠಾರಿ ಆಯೋಗವು, ಶಾಲೆಯ ಮೊದಲ ಹತ್ತು ವರ್ಷಗಳಲ್ಲಿ ವಿಜ್ಞಾನವನ್ನು ಎಲ್ಲರೂ ಕಲಿಯತಕ್ಕದ್ದೆಂದು ಶಿಫಾರಸು ಮಾಡಿತು. 1987ರಲ್ಲಿ ಆರಂಭವಾದ ಕಪ್ಪುಹಲಗೆ ಕಾರ್ಯಾಚರಣೆಯ ಮೂಲಕ ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ಪೆಟ್ಟಿಗೆಗಳನ್ನು ಹಂಚಲಾಯಿತು. ಪೆಟ್ಟಿಗೆಗಳೇನೋ ಬಂದವು; ಅನೇಕ ಕಡೆ ಅವು ಬೀರುವಿನೊಳಗೇ ಉಳಿದವು. ಉಪಾಧ್ಯಾಯರ ಸೋಮಾರಿತನವೇ ಇದಕ್ಕೆ ಕಾರಣವೆಂದು ಹೇಳುವುದು ನ್ಯಾಯವಲ್ಲ. ದಾಸ್ತಾನು ಪುಸ್ತಕದಲ್ಲಿ ಏರಿದ ಗಾಜಿನ ನಳಿಗೆಯೊಂದು ಮಗುವಿನ ಕೈಜಾರಿ ಒಡೆದರೆ ಲೆಕ್ಕ ಕೊಡಬೇಕಾದವರು ಉಪಾಧ್ಯಾಯರೇ. ಒಡೆದುದಕ್ಕೆ ವಿವರಣೆ ಕೇಳುವ ಅಧಿಕಾರಿಯುಂಟು. ಒಮ್ಮೆಯೂ ಮುಟ್ಟದೆ ಇಟ್ಟುದಕ್ಕೆ ಕೇಳುವವರಿಲ್ಲ. ಹೀಗಾಗಿ ಬೀಗವೇ ಕ್ಷೇಮವೆನಿಸಿತು.

ಈ ಬೀಗವನ್ನು ತೆರೆಯುವ ಬಗೆಯನ್ನು ತೋರಿಸಿದುದು ಮಧ್ಯಪ್ರದೇಶದ ಹೋಷಂಗಾಬಾದ್ ಜಿಲ್ಲೆ. ಅಲ್ಲಿ 1972ರಲ್ಲಿ 16 ಮಿಡಲ್ ಸ್ಕೂಲುಗಳಲ್ಲಿ ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗಾಗಿ ಹೊಸ ಪದ್ಧತಿಯೊಂದು ಮೊದಲಾಯಿತು. ಮಕ್ಕಳು ಗುಂಪುಗೂಡಿ ತಾವೇ ಪ್ರಯೋಗ ಮಾಡುವರು. ಉಪಾಧ್ಯಾಯರು ಉತ್ತರ ಹೇಳದೆ ಪ್ರಶ್ನೆ ಕೇಳುವರು. ಸಾಧನಗಳು ಅಗ್ಗವಾದುದರಿಂದ ಒಡೆಯುವ ಭಯವು ತಗ್ಗಿತು. ಎಲ್ಲಕ್ಕಿಂತ ಮುಖ್ಯವಾದುದು, ಪರೀಕ್ಷೆಯನ್ನೇ ಬದಲಾಯಿಸಿದುದು: ಪುಸ್ತಕವನ್ನು ತೆರೆದಿಟ್ಟುಕೊಂಡು ಬರೆಯಬಹುದು, ಕೈಯಿಂದ ಪ್ರಯೋಗವನ್ನೂ ಮಾಡಿ ತೋರಿಸಬೇಕು. ಈ ಕಾರ್ಯವು ಮೂವತ್ತು ವರ್ಷ ನಡೆದು, 2002ರಲ್ಲಿ ರಾಜ್ಯಸರಕಾರದ ಆಜ್ಞೆಯಿಂದ ನಿಂತುಹೋಯಿತು. ಒಳ್ಳೆಯ ಪದ್ಧತಿಯೂ ತನ್ನಷ್ಟಕ್ಕೆ ತಾನೇ ಬಾಳಲಾರದೆಂಬುದಕ್ಕೆ ಇದೂ ಒಂದು ನಿದರ್ಶನ.

ಕರ್ನಾಟಕದಲ್ಲಿಯೂ ಉದ್ಯಮಗಳು ನಡೆಯದೆ ಇರಲಿಲ್ಲ. ಭೌತಶಾಸ್ತ್ರದ ಅಧ್ಯಾಪಕರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿ, ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂಬ ಬುದ್ಧಿಯನ್ನು ತರುಣರಲ್ಲಿ ಬಿತ್ತಿದರು. 1965ರಲ್ಲಿ ತೆರೆದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಯಂತ್ರಗಳು ಮಕ್ಕಳ ಕಣ್ಣೆದುರಿಗೆ ಬಂದವು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. 1999ರಲ್ಲಿ ಸ್ಥಾಪಿತವಾದ ಅಗಸ್ತ್ಯ ಸಂಸ್ಥೆಯು, ಕರ್ನಾಟಕದ ಗಡಿಗೆ ಹೊಂದಿದ ಕುಪ್ಪಂನಲ್ಲಿ ವಿಜ್ಞಾನಕೇಂದ್ರವನ್ನು ಮಾಡಿಕೊಂಡು, ಉಪಕರಣಗಳನ್ನು ತುಂಬಿದ ವಾಹನಗಳನ್ನು ಹಳ್ಳಿಯ ಶಾಲೆಗಳ ಬಾಗಿಲಿಗೇ ಕಳುಹಿಸಿತು. ಶ್ಲಾಘ್ಯವಾದ ಕೆಲಸವೇ ಸರಿ. ಆದರೆ ಬಂದ ವಾಹನವು ಸಂಜೆಗೆ ಹಿಂದಿರುಗುವುದು. ಮರುದಿನ ಮಗುವಿನ ಎದುರಿಗಿರುವುದು ಅದರ ಶಾಲೆಯೂ ಅದರ ಉಪಾಧ್ಯಾಯರೂ ಮಾತ್ರ. ಆದಕಾರಣ ನಿತ್ಯದ ಪಾಠವೇ ಬದಲಾಗದೆ ಫಲವು ನೆಲೆನಿಲ್ಲದು.

ನಿತ್ಯದ ಪಾಠವನ್ನು ಬದಲಾಯಿಸಲು ಬೇಕಾದುದು ಹೆಚ್ಚಿನದೇನಲ್ಲ. ಒಂದು ಮೀಟರ್ ಉದ್ದದ ದಾರಕ್ಕೆ ಕಲ್ಲೊಂದನ್ನು ಕಟ್ಟಿ ತೂಗಬಿಟ್ಟರೆ, ಅದು ನಿಮಿಷಕ್ಕೆ ಸುಮಾರು ಮೂವತ್ತು ಸಲ ಹೋಗಿಬರುವುದು; ಕಲ್ಲು ದೊಡ್ಡದಾದರೂ ಎಣಿಕೆಯು ಹೆಚ್ಚುಕಡಮೆ ಅಷ್ಟೇ ಇರುವುದನ್ನು ಕಂಡು ಮಕ್ಕಳು ಬೆರಗಾಗುವರು. ಜೂನ್ ತಿಂಗಳಿನ ಮೂರನೆಯ ವಾರದಲ್ಲಿ ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟು, ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷಕ್ಕೆ ನೋಡಿದರೆ, ಸುಮಾರು 19 ಸೆಂಟಿಮೀಟರಿನ ನೆರಳು ದಕ್ಷಿಣಕ್ಕೆ ಬಿದ್ದಿರುವುದು. ನಡುಹಗಲಿನ ನೆರಳು ಸದಾ ಉತ್ತರಕ್ಕೆ ಬೀಳುವುದೆಂಬ ಮಾತು ಯೂರೋಪಿಗೆ ಸರಿ. ಬೊಮ್ಮಸಂದ್ರದಲ್ಲಿ ಏಪ್ರಿಲಿನ ಕೊನೆಯಿಂದ ಆಗಸ್ಟಿನ ನಡುವಿನ ವರೆಗೆ ಅದು ಸಲ್ಲದು.

ಇನ್ನು ಕುದಿಯುವ ನೀರಿನ ವಿಷಯ. ಉಪಾಧ್ಯಾಯರು “ನೂರೆಂದು ಬರೆಯಿರಿ” ಎಂದುಬಿಟ್ಟರೆ ಮಕ್ಕಳು ಆ ದಿನ ಕಲಿಯುವುದು ವಿಜ್ಞಾನವನ್ನಲ್ಲ. ಕಂಡದ್ದನ್ನು ಬಚ್ಚಿಟ್ಟು ದೊಡ್ಡವರಿಗೆ ಹಿತವಾದುದನ್ನು ಬರೆಯುವ ಅಭ್ಯಾಸವನ್ನು. “ನೀವು ಕಂಡುದೇ ಸರಿ” ಎಂದು ಸುಮ್ಮನಾದರೂ ಪಾಠವು ಮುಗಿಯದು; ಮಾಪಕವೇ ತಪ್ಪಿರಬಹುದಲ್ಲವೆ? ಅದನ್ನು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ಸೊನ್ನೆಯನ್ನು ತೋರುವುದೇ ಎಂದು ಪರೀಕ್ಷಿಸಬೇಕು. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಮಾಪಕಗಳಿಂದ ಅಳೆದು, ಅಂಕಿಗಳನ್ನು ಹಲಗೆಯ ಮೇಲೆ ಬರೆದು ಹೋಲಿಸಬೇಕು. ಎಲ್ಲರಿಗೂ ನೂರಕ್ಕಿಂತ ಕಡಮೆಯೇ ಬಂದಲ್ಲಿ, “ಏಕೆ?” ಎಂಬ ಪ್ರಶ್ನೆಯು ತಾನಾಗಿಯೇ ಏಳುವುದು, ವಾಯುಭಾರದ ಪಾಠಕ್ಕೆ ಅದಕ್ಕಿಂತ ಉತ್ತಮವಾದ ಪೀಠಿಕೆಯಿಲ್ಲ. ಪುಸ್ತಕದ ಮಾತೂ ಸುಳ್ಳಲ್ಲ, ಅದು ಕಡಲತೀರದ ಮಾತೆಂದು ಆಗ ಮಕ್ಕಳಿಗೆ ಹೊಳೆಯುವುದು.

ಸುತ್ತಣ ಕಾರ್ಖಾನೆಗಳಲ್ಲಿ ನಾಳೆ ದುಡಿಯತಕ್ಕವರೂ, ಅವುಗಳ ಹೊಗೆನೀರುಗಳ ಪರಿಣಾಮವನ್ನು ಅನುಭವಿಸತಕ್ಕವರೂ ಈ ಮಕ್ಕಳೇ. ಯಂತ್ರದ ಅಂಕಿಯನ್ನೂ ಕೆರೆಯ ನೀರಿನ ಬಣ್ಣವನ್ನೂ ಕಂಡಂತೆ ಹೇಳುವ ಸ್ಥೈರ್ಯವು ಅವರಿಗೆ ಎಂದಾದರೊಂದು ದಿನ ಬೇಕಾಗುವುದು. ಅದರ ಮೊದಲ ಅಕ್ಷರಾಭ್ಯಾಸವು ಏಳನೆಯ ತರಗತಿಯ ಪಾತ್ರೆಯೊಂದರ ಮುಂದೆ, ಕಂಡ ತೊಂಬತ್ತೇಳನ್ನು ತೊಂಬತ್ತೇಳೆಂದೇ ಬರೆಯುವುದರಲ್ಲಿ ಆಗಲಿ.