ಪದ ಪರಿಚಯ: ಸತ್ಯಾಗ್ರಹ

ಪುರಾಣಕಾಲದ್ದೇನೋ ಎಂಬಂತೆ ಕೇಳಿಸಿದರೂ ಇದು ಹೊಸ ಪದ. ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಟ್ರಾನ್ಸ್‌ವಾಲ್‌ನ ಭಾರತೀಯರು ಕಡ್ಡಾಯ ನೋಂದಣಿಯ ವಿರುದ್ಧ 1906ರಲ್ಲಿ ಆರಂಭಿಸಿದ ಹೋರಾಟವನ್ನು ಮೊದಮೊದಲು ‘ಪ್ಯಾಸಿವ್ ರೆಸಿಸ್ಟೆನ್ಸ್’ ಎನ್ನುತ್ತಿದ್ದರು. ಅದು ದುರ್ಬಲರ ಅಸ್ತ್ರವೆಂಬ ಅರ್ಥ ಕೊಡುತ್ತದೆಂದು ಗಾಂಧೀಜಿಗೆ ಹಿಡಿಸಲಿಲ್ಲ. ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ಹೆಸರು ಸೂಚಿಸುವ ಸ್ಪರ್ಧೆಯನ್ನೇ ಇಟ್ಟರು. ಮಗನ್‌ಲಾಲ್ ಗಾಂಧಿ ಕಳಿಸಿದ್ದು ‘ಸದಾಗ್ರಹ’. ಗಾಂಧೀಜಿ ಅದನ್ನು ತಿದ್ದಿ ‘ಸತ್ಯಾಗ್ರಹ’ ಮಾಡಿದರು.

ಸತ್ಯ, ಆಗ್ರಹ ಎರಡೂ ಸಂಸ್ಕೃತದವು. ಆಗ್ರಹವೆಂದರೆ ಬಿಗಿಯಾಗಿ ಹಿಡಿಯುವುದು, ಪಟ್ಟು. ಕನ್ನಡದಲ್ಲಿ ಅದಕ್ಕೆ ಕೋಪ ಎಂಬ ಅರ್ಥವೂ ಉಂಟು. ದೇವರ ಅನುಗ್ರಹ ಬೇಕು, ಆಗ್ರಹ ಬೇಡ! ಸಮಾಸದೊಳಗೆ ಮಾತ್ರ ಆ ಸಿಟ್ಟು ಇಳಿದು ಪಟ್ಟಷ್ಟೇ ಉಳಿದಿದೆ.

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಗೂ ಈ ಪದ ತಲುಪಿತು. ಮಾಂಟ್‌ಗಮರಿಯ ಬಸ್ ಬಹಿಷ್ಕಾರದ ಕುರಿತು 1958ರಲ್ಲಿ ಬರೆದ ಪುಸ್ತಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದನ್ನು ಬಿಡಿಸಿ ವಿವರಿಸಿದ್ದಾರೆ. ಅವರಿಗೆ ಸತ್ಯವೆಂದರೆ ಪ್ರೀತಿಯೂ ಹೌದು, ಆಗ್ರಹವೆಂದರೆ ಶಕ್ತಿ. ನಾಗಪುರದಲ್ಲಿದ್ದು ಗಾಂಧಿಮಾರ್ಗವನ್ನು ಅರಿತು ಹೋದ ಜೇಮ್ಸ್ ಲಾಸನ್, ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಬೈಗುಳ, ಹೊಡೆತ ತಡೆದುಕೊಳ್ಳುವ ತಾಲೀಮನ್ನೇ ಕೊಟ್ಟರು. 1960ರಲ್ಲಿ ಆ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ಹೋಗಿ ಕುಳಿತರು.

ನಮ್ಮಲ್ಲಿ 1930ರ ಅಂಕೋಲೆಯ ಉಪ್ಪು, 1938ರ ಶಿವಪುರದ ಧ್ವಜ, 1951ರ ಕಾಗೋಡಿನ ಗೇಣಿದಾರರ ಹೋರಾಟ, ಎಲ್ಲಕ್ಕೂ ಇದೇ ಹೆಸರು. ಈಗಂತೂ ಅರ್ಧ ದಿನದ ಧರಣಿಗೂ ‘ಸತ್ಯಾಗ್ರಹ’ದ ಬ್ಯಾನರ್ ಕಟ್ಟುತ್ತಾರೆ. ‘ಧರಣಿ ಸತ್ಯಾಗ್ರಹ’, ‘ಉಪವಾಸ ಸತ್ಯಾಗ್ರಹ’ ಎಂಬ ಜೋಡಿಗಳಂತೂ ಪತ್ರಿಕೆಗಳಲ್ಲಿ ನಿತ್ಯದ ಮಾತು.