ಪಿಯುಸಿ ನಂತರದ ಕಾಲೇಜು ಪ್ರವೇಶ ಮಾರ್ಗದರ್ಶನ: ಮುಧೋಳ–ಜಮಖಂಡಿ ಸೀಮೆ

ದ್ವಿತೀಯ ಪಿಯುಸಿ ಮುಗಿಸುವ ವಿದ್ಯಾರ್ಥಿಗೆ ಯಾವ ಕೋರ್ಸು, ಯಾವ ಕಾಲೇಜು, ಯಾವ ಮೀಸಲಾತಿಯಡಿ ಅರ್ಜಿ ಎಂಬುದನ್ನು ತಿಳಿಸಿಕೊಡುವ ಕೆಲಸಕ್ಕೆ ಪ್ರವೇಶ ಮಾರ್ಗದರ್ಶನ ಎನ್ನಬಹುದು. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಪಿಯು ಉಪನ್ಯಾಸಕರು, ಮೊದಲೇ ಎಂಜಿನಿಯರಿಂಗ್ ಸೇರಿದ ಮಾವನ ಮಗ, ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಸೆಂಟರಿನವರು ಇವರ ನಡುವೆ ಹಂಚಿಹೋಗಿದೆ. ಕಾಲೇಜು ಯಾವುದೆಂಬ ಚರ್ಚೆ ಮನೆಯಲ್ಲಿ ಬೇಕಾದಷ್ಟು ನಡೆಯುತ್ತದೆ. ಆದರೆ ಅಂಕ ಇದ್ದೂ ಸೀಟು ಕೈತಪ್ಪುವುದು ಹೆಚ್ಚಾಗಿ ಎರಡು ಕಡೆ: ಪ್ರಮಾಣಪತ್ರದಲ್ಲಿ ಮತ್ತು ಬೇಕಾದ ಕಾಲೇಜು-ಕೋರ್ಸುಗಳನ್ನು ಬರೆಯುವ ಪಟ್ಟಿಯ, ಅಂದರೆ ಆಪ್ಷನ್‌ಗಳ ಕ್ರಮದಲ್ಲಿ.

ಹಿನ್ನೆಲೆ

ಮುಧೋಳ ಘೋರ್ಪಡೆಯವರ, ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಕಾಲದಲ್ಲಿ ಕಾಲೇಜು ಎಂದರೆ ಪರವೂರು. ಧಾರವಾಡದ ಕರ್ನಾಟಕ ಕಾಲೇಜು (1917), ಸಾಂಗಲಿಯ ವಿಲಿಂಗ್ಡನ್ ಕಾಲೇಜು (1919), ಬೆಳಗಾವಿಯ ಲಿಂಗರಾಜ ಕಾಲೇಜು (1933) ಅಂದಿನ ಆಯ್ಕೆಗಳು. 1906ರಲ್ಲಿ ಹುಟ್ಟಿದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜನ್ನು ತೆರೆದ ಮೇಲೆ ವೃತ್ತಿಶಿಕ್ಷಣ ಹತ್ತಿರಕ್ಕೆ ಬಂತು. ಅದೇ ಸಂಘದ ಬೀಳೂರು ಗುರುಬಸವ ಮಹಾಸ್ವಾಮೀಜಿ ತಾಂತ್ರಿಕ ಸಂಸ್ಥೆ ಈಗ ಮುಧೋಳದಲ್ಲೇ ಇದೆ.

ಸಂಸ್ಥಾನಗಳ ಕಥೆಗೆ ಇವತ್ತಿನ ಅರ್ಜಿಯ ಜೊತೆ ನೇರ ನಂಟಿದೆ. ಇವು 1948ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿದವು. ನಿಜಾಮರ ಸೀಮೆಗೆ ಸೇರಿದವಲ್ಲ. ಹಾಗಾಗಿ ಪಕ್ಕದ ಕೊಪ್ಪಳ, ರಾಯಚೂರು ಜಿಲ್ಲೆಗಳ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಬಾಗಲಕೋಟೆ ಜಿಲ್ಲೆಗೆ ಅನ್ವಯಿಸುವುದಿಲ್ಲ. ‘ಅವರಿಗೆ ಸಿಕ್ಕಿದ್ದು ನಮಗ್ಯಾಕಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಕ್ಯಾಪಿಟೇಶನ್ ಶುಲ್ಕದ ಹಾವಳಿಯ ವಿರುದ್ಧ ಮೋಹಿನಿ ಜೈನ್ (1992) ಮತ್ತು ಉನ್ನಿಕೃಷ್ಣನ್ (1993) ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪುಗಳ ಬೆನ್ನಿಗೆ, 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು. ಆಗ ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಬೇಕಿತ್ತು. ರಾತ್ರಿ ಬಸ್ಸು ಹತ್ತಿ, ಕಾಗದಪತ್ರದ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಮಲಗಿ, ಬೆಳಿಗ್ಗೆ ಪರದೆಯ ಮೇಲೆ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಅಪ್ಪ-ಮಗ ಅಲ್ಲೇ ತೀರ್ಮಾನಿಸಬೇಕಿತ್ತು. ಸೀಟು ಹಂಚಿಕೆ ಆನ್‌ಲೈನ್ ಆದ ಮೇಲೆ ಪ್ರಯಾಣ ತಪ್ಪಿತು. ಎದುರಿಗೆ ಕೂತು ಹೇಳುವವರೂ ಇಲ್ಲವಾದರು.

ಕಾಂಬಿನೇಷನ್

ಕಾಲೇಜಿನ ಅರ್ಧ ಆಯ್ಕೆ ಎಸ್ಸೆಸ್ಸೆಲ್ಸಿ ಮುಗಿದ ತಿಂಗಳಲ್ಲೇ ಆಗಿಹೋಗಿರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಜೀವಶಾಸ್ತ್ರ ಬಿಟ್ಟು ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡವರಿಗೆ ವೈದ್ಯಕೀಯ, ಪಶುವೈದ್ಯಕೀಯ, ಬಿಎಸ್ಸಿ ಕೃಷಿ, ತೋಟಗಾರಿಕೆಯ ಬಾಗಿಲು ಬಹುಮಟ್ಟಿಗೆ ಅಲ್ಲಿಗೇ ಮುಚ್ಚಿತು. ಕಬ್ಬು, ದ್ರಾಕ್ಷಿ, ದಾಳಿಂಬೆ ಬೆಳೆಯುವ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಅದರ ಇನ್ನೊಂದು ಕಾಲೇಜು ಗೋಕಾಕ ಕಡೆಯ ಅರಭಾವಿಯಲ್ಲಿ. ರೈತರ ಮಕ್ಕಳಿಗೆ ಈ ಕೋರ್ಸುಗಳಲ್ಲಿ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೀಜ, ಬೆಳೆ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲದಲ್ಲಿ ಕೆಲಸ ಮಾಡಿದ ಮಗುವಿಗೆ ಅದು ಕಷ್ಟದ್ದಲ್ಲ, ಆದರೆ ಅರ್ಜಿಯಲ್ಲಿ ಕೋಟಾ ಕೇಳಿರಬೇಕು.

ಅಂಕದ ಲೆಕ್ಕ

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಖಾಲಿ ಬಿಡುವುದು ಮೂರ್ಖತನ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಮೂರು ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ 300ಕ್ಕೆ 270 ತೆಗೆದು ಸಿಇಟಿಯಲ್ಲಿ 180ಕ್ಕೆ 72 ಪಡೆದವಳೂ, 240 ಮತ್ತು 90 ಪಡೆದವನೂ ಶೇ 65ರಲ್ಲೇ ನಿಲ್ಲುತ್ತಾರೆ. ಅಂದರೆ ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಬೋರ್ಡ್ ಪರೀಕ್ಷೆ ಮುಗಿದ ಕೂಡಲೇ ಪುಸ್ತಕ ಕಟ್ಟಿಡುವವರು ಈ ಲೆಕ್ಕ ನೋಡಬೇಕು. ವೈದ್ಯಕೀಯಕ್ಕೆ ಮಾತ್ರ ರಾಷ್ಟ್ರಮಟ್ಟದ ನೀಟ್ ಪರೀಕ್ಷೆಯ ಅಂಕವೇ ಆಧಾರ. ಹಲವು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಒಂದು ಪಾಲು ಸೀಟು ಪ್ರತ್ಯೇಕ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆ ಮೂಲಕ ಹೋಗುತ್ತದೆ. ಅಲ್ಲಿ ಶುಲ್ಕ ಹೆಚ್ಚು.

ಪ್ರಮಾಣಪತ್ರ

1ರಿಂದ 10ನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು ಮೀಸಲು. ಎರಡಕ್ಕೂ ಮುಖ್ಯಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಹತ್ತೂ ವರ್ಷ ಎಂಬ ಮಾತಿನಲ್ಲಿ ರಿಯಾಯಿತಿ ಇಲ್ಲ. ಏಳನೆಯವರೆಗೆ ಹಳ್ಳಿಯಲ್ಲಿ ಓದಿ, ಹೈಸ್ಕೂಲಿಗೆ ಮುಧೋಳ ನಗರಕ್ಕೋ ಮಹಾಲಿಂಗಪುರ ಪುರಸಭೆಯ ವ್ಯಾಪ್ತಿಗೋ ಬಂದವರಿಗೆ ಗ್ರಾಮೀಣ ಕೋಟಾ ಇಲ್ಲ. ಕನ್ನಡ ಮಾಧ್ಯಮದ್ದು ಸಿಗಬಹುದು. ಬನಹಟ್ಟಿಯ ಎಷ್ಟೋ ನೇಕಾರರ ಮಕ್ಕಳು ಇದೇ ಸ್ಥಿತಿಯವರು: ಮನೆಯಲ್ಲಿ ಬಡತನವಿದ್ದರೂ ಊರು ನಗರಸಭೆಯದು. ಹಂಚಿಕೆ ಪಟ್ಟಿಯಲ್ಲಿ ಪ್ರವರ್ಗದ ಮುಂದೆ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ: ಸಾಮಾನ್ಯ ವರ್ಗದ ಗ್ರಾಮೀಣಕ್ಕೆ ಜಿಎಂಆರ್, 2ಎ ಪ್ರವರ್ಗದ ಕನ್ನಡ ಮಾಧ್ಯಮಕ್ಕೆ 2ಎಕೆ, ಹೀಗೆ.

ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರುತ್ತದೆ. ಅದರ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ತಂದೆಯ ಹೆಸರು ಅಂಕಪಟ್ಟಿಯಲ್ಲಿ ಅಡ್ಡಹೆಸರಿನೊಂದಿಗೆ, ಪ್ರಮಾಣಪತ್ರದಲ್ಲಿ ಅಡ್ಡಹೆಸರಿಲ್ಲದೆ ಇರುವುದು ಈ ಭಾಗದ ಮಾಮೂಲಿ ತೊಡಕು. ಅರ್ಜಿಯಲ್ಲಿ ಕೋರದ ಮೀಸಲಾತಿಯನ್ನು ನಂತರ ಕೇಳಿ ಪಡೆಯುವುದು ಬಹಳ ಕಷ್ಟ. ಕೆಲಸ ಆರಂಭವಾಗಬೇಕಾದ್ದು ಫಲಿತಾಂಶ ಬಂದ ಮೇಲಲ್ಲ, ಡಿಸೆಂಬರ್‌ನಲ್ಲಿ.

ಗಡಿಯಾಚೆಯ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಕನ್ನಡಿಗರು ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕಬಹುದು. ಅವರು 50 ಅಂಕದ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಪಡೆಯಬೇಕು. ಜಮಖಂಡಿ ಕಡೆ ನೆಂಟರಿರುವ ಜತ್ತದ ಎಷ್ಟೋ ಮನೆಗಳಿಗೆ ಈ ದಾರಿ ಗೊತ್ತೇ ಇಲ್ಲ.

ಆಪ್ಷನ್ ಎಂಟ್ರಿ

ಹೆಚ್ಚು ಎಡವುವುದು ಇಲ್ಲಿ. ಸೀಟು ಹಂಚುವ ಗಣಕವು ರ‍್ಯಾಂಕಿನ ಸರದಿ ಬಂದಾಗ ವಿದ್ಯಾರ್ಥಿಯ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ಖಾಲಿ ಇರುವ ಮೊದಲ ಸೀಟು ಕೊಡುತ್ತದೆ. ‘ಸಿಗದ ಕಾಲೇಜನ್ನು ಮೇಲೆ ಬರೆದರೆ ಸಿಗುವುದೂ ಹೋಗುತ್ತದೆ’ ಎಂಬ ನಂಬಿಕೆ ತಪ್ಪು. ಮೇಲೆ ಬರೆದದ್ದು ಸಿಗದಿದ್ದರೆ ಗಣಕ ಕೆಳಗಿನದಕ್ಕೆ ಇಳಿಯುತ್ತದೆ, ಅಷ್ಟೆ. ಉದಾಹರಣೆಗೆ, ಕಂಪ್ಯೂಟರ್ ವಿಜ್ಞಾನ ಬೇಕೆನ್ನುವ ಹುಡುಗಿ ಮೊದಲು ಹುಬ್ಬಳ್ಳಿ, ಬೆಳಗಾವಿಯ ಕಾಲೇಜು, ಆಮೇಲೆ ಬಾಗಲಕೋಟೆ, ಕೊನೆಗೆ ಮುಧೋಳ ಎಂದು ಬರೆಯುವುದರಲ್ಲಿ ಅಪಾಯವಿಲ್ಲ. ಮುಧೋಳವನ್ನೇ ಮೊದಲು ಬರೆದು ಅದು ಸಿಕ್ಕರೆ ಕೆಳಗಿನವೆಲ್ಲ ರದ್ದು. ಒಂದೇ ಕಾಲೇಜಿನ ಅನುದಾನಿತ ಮತ್ತು ಅನುದಾನರಹಿತ ಸೀಟುಗಳಿಗೆ ಶುಲ್ಕ ಬೇರೆ, ಪಟ್ಟಿಯಲ್ಲೂ ಬೇರೆ ಬೇರೆ ತೋರುತ್ತವೆ. ಕಡಿಮೆ ಶುಲ್ಕದ್ದು ಮೇಲಿರಲಿ.

ಅಣಕು ಹಂಚಿಕೆ ನೋಡಿ ಕ್ರಮ ತಿದ್ದಲು ಅವಕಾಶವಿದೆ. ಸೀಟು ಹಂಚಿಕೆಯಾದ ಮೇಲೆ ನಾಲ್ಕು ಚಾಯ್ಸ್: ಮೊದಲನೆಯದು ಒಪ್ಪಿ ಸೇರುವುದು, ಎರಡನೆಯದು ಈ ಸೀಟು ಉಳಿಸಿಕೊಂಡು ಮೇಲಿನದಕ್ಕೆ ಕಾಯುವುದು, ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಹೊರನಡೆಯುವುದು. ಎರಡರ ಬದಲು ಮೂರು ಒತ್ತಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ. ಕಂಪ್ಯೂಟರ್ ಸೆಂಟರಿನವರ ಪಕ್ಕದಲ್ಲಿ ವಿದ್ಯಾರ್ಥಿಯೇ ಕೂತಿರಬೇಕು, ಒಟಿಪಿ ಬರುವ ಮೊಬೈಲೂ ಮನೆಯದೇ ಆಗಿರಬೇಕು.

ಪದವಿ ಮತ್ತು ಇತರ ದಾರಿಗಳು

ಬಿಎ, ಬಿಕಾಂ, ಸಾಮಾನ್ಯ ಬಿಎಸ್ಸಿಗೆ ಸಿಇಟಿ ಬೇಡ. ಅರ್ಜಿ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದಲ್ಲಿ. ಈ ಭಾಗದ ಕಾಲೇಜುಗಳು ಮೊದಲು ಧಾರವಾಡಕ್ಕೆ, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2023ರಲ್ಲಿ ಜಮಖಂಡಿಯನ್ನು ಕೇಂದ್ರವಾಗಿಸಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ಪದವಿಪತ್ರ ಯಾರ ಹೆಸರಿನಲ್ಲಿ ಬರುತ್ತದೆಂದು ಸೇರುವಾಗಲೇ ಕೇಳಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಹತ್ತಿರವೇ.

ಹಣಕಾಸು

ವಿದ್ಯಾರ್ಥಿವೇತನದ ಅರ್ಜಿಗಳು ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ. 2021ರಲ್ಲಿ ಘೋಷಿಸಿದ ರೈತ ವಿದ್ಯಾನಿಧಿಯಡಿ ಪದವಿ ಓದುವ ರೈತರ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500 ರೂಪಾಯಿ; ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ಎಂದು ನಿಗದಿಯಾಗಿತ್ತು. ಹಿಂದುಳಿದ ವರ್ಗಗಳ ಕಲ್ಯಾಣ (ಬಿಸಿಎಂ) ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಬೇರೆ ಅರ್ಜಿ ಹಾಕಬೇಕು. ಕಾಲೇಜು ಸೇರಿದರೆ ಹಾಸ್ಟೆಲ್ ತಾನಾಗಿ ಸಿಗದು. ವಿದ್ಯಾರ್ಥಿವೇತನ ಬರುವುದು ವಿದ್ಯಾರ್ಥಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ. ಪ್ರವೇಶದ ವಾರದಲ್ಲೇ ಬ್ಯಾಂಕಿಗೆ ಹೋಗಿ ಆ ಜೋಡಣೆ ಆಗಿದೆಯೇ ಎಂದು ಕೇಳಿ ಬನ್ನಿ.