ಕಲ್ಲನ್ನು ಓದಿದವರು, ಕೈಫಿಯತ್ತು ಬರೆದವರು

1784ರ ಜನವರಿ 15ರಂದು ಕಲಕತ್ತೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ವಿಲಿಯಂ ಜೋನ್ಸ್ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ. ಏಷ್ಯಾದ ಭಾಷೆ, ಧರ್ಮ, ಕಾನೂನು, ಇತಿಹಾಸ, ಗಿಡಮರ ಎಲ್ಲವೂ ಅದರ ಅಧ್ಯಯನದ ವಸ್ತುವಾದವು. ಏಷ್ಯಾದವರು ಮಾತ್ರ ಅದರ ಸದಸ್ಯರಾಗಿರಲಿಲ್ಲ. ಭಾರತೀಯರಿಗೆ ಸದಸ್ಯತ್ವ ಸಿಕ್ಕಿದ್ದು 45 ವರ್ಷಗಳ ನಂತರ, 1829ರಲ್ಲಿ. ರಾಜೇಂದ್ರಲಾಲ ಮಿತ್ರರು ಮೊದಲ ಭಾರತೀಯ ಅಧ್ಯಕ್ಷರಾದದ್ದು 1885ರಲ್ಲಿ.

ದೂರದ ಕಲಕತ್ತೆಯ ಈ ಸಂಘಕ್ಕೂ ನಮ್ಮ ಚಿತ್ರದುರ್ಗಕ್ಕೂ ಏನು ನಂಟು? 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸವನ್ನು ಕಂಪನಿಯು ಕಾಲಿನ್ ಮೆಕೆಂಜಿಗೆ ವಹಿಸಿತು. 1800-01ರಲ್ಲಿ ಅವನು ಉತ್ತರದ ಪರಗಣೆಗಳನ್ನು, ಎಂದರೆ ದುರ್ಗದ ಸುತ್ತಲ ನಾಡನ್ನು, ಅಳೆಯತೊಡಗಿದ. ಸರಪಳಿ ಎಳೆಯುವುದರ ಜೊತೆಗೆ ಶಾಸನಗಳ ಪ್ರತಿ, ಪಾಳೆಯಗಾರರ ವಂಶಾವಳಿ, ಊರೂರಿನ ಕೈಫಿಯತ್ತುಗಳನ್ನು ಕೂಡಿಸಿದ. ಶಾನುಭೋಗರೂ ಊರಿನ ಹಿರಿಯರೂ ಬರೆಸಿಕೊಟ್ಟ ಹೇಳಿಕೆಗಳವು. ಕೈಫಿಯತ್ತು ಎಂಬುದು ಅರಬ್ಬಿ ಮೂಲದ ಮಾತು. ಪರಗಣೆ, ದಫ್ತರ, ಜಮಾಬಂದಿಗಳಂತೆ ಅದೂ ಶಾನುಭೋಗರ ಕನ್ನಡದಲ್ಲಿ ಬೆರೆತುಹೋಗಿತ್ತು. ಅದನ್ನು ಹೊರಗಿನದೆಂದು ಆಗ ಯಾರೂ ಎಣಿಸಿದಂತಿಲ್ಲ.

ಮೆಕೆಂಜಿಗೆ ಇಲ್ಲಿಯ ಒಂದು ಭಾಷೆಯೂ ಬರುತ್ತಿರಲಿಲ್ಲ. ಅವನ ಕಣ್ಣು, ಕಿವಿ, ನಾಲಗೆ ಎಲ್ಲ ಕಾವಲಿ ವೆಂಕಟ ಬೋರಯ್ಯನವರು. ತನಗೆ ಈ ನಾಡಿನ ತಿಳಿವಿನ ಬಾಗಿಲು ತೆರೆದವರು ಅವರೇ ಎಂದು ಮೆಕೆಂಜಿ ಮುಂದೆ ಬರೆದುಕೊಂಡಿದ್ದಾನೆ. ಸೊಸೈಟಿಯ 'ಏಷ್ಯಾಟಿಕ್ ರಿಸರ್ಚಸ್' ಒಂಬತ್ತನೆಯ ಸಂಪುಟದಲ್ಲಿ ಜೈನರ ಕುರಿತ ಒಂದು ಬರಹವಿದೆ. ಅದನ್ನು ಅನುವಾದಿಸಿದವರು ಬೋರಯ್ಯ ಎಂದು ಅಲ್ಲಿ ನಮೂದಾಗಿದೆ. ಬರಹಕ್ಕೆ ಒಳಗೆ ಜಾಗವಿತ್ತು, ಬರೆದವರ ಕುಲದವರಿಗೆ ಇರಲಿಲ್ಲ. ಅದು ಅಚ್ಚಾಗುವ ಹೊತ್ತಿಗೆ ಬೋರಯ್ಯ ತೀರಿಕೊಂಡಿದ್ದರು. ಅವರ ತಮ್ಮ ಲಕ್ಷ್ಮಯ್ಯ ಆ ಕೆಲಸವನ್ನು ಕೈಗೆತ್ತಿಕೊಂಡರು.

1821ರಲ್ಲಿ ಮೆಕೆಂಜಿ ಸತ್ತ. ಸಂಗ್ರಹವನ್ನು ಕಂಪನಿ ಒಂದು ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಒಂದಷ್ಟು ಲಂಡನ್ನಿಗೆ ಹೋಯಿತು, ಒಂದಷ್ಟು ಮದರಾಸಿನಲ್ಲಿ ಉಳಿಯಿತು. ನಿಂತುಹೋದ ಕೆಲಸವನ್ನು ತಾನು ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡರು. 1836ರಲ್ಲಿ ಸೊಸೈಟಿಯ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್, ಇಂಥ ಕೆಲಸಕ್ಕೆ ಅವರ ಯೋಗ್ಯತೆ ಸಾಲದು ಎಂದು ಅಭಿಪ್ರಾಯ ಕೊಟ್ಟ. ಹಸ್ತಪ್ರತಿಗಳ ಪರಿಶೀಲನೆ ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಾಯಿತು. ಬೆಟ್ಟ ಹತ್ತಿ, ಮಠ ಮನೆ ಅಲೆದು, ಓಲೆ ಕಡತಗಳನ್ನು ಬೇಡಿ ತಂದವರಿಗೆ ಅವುಗಳನ್ನು ಓದಲು ಯೋಗ್ಯತೆ ಇಲ್ಲವಂತೆ! ನಮ್ಮ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಕನ್ನಡದ ಓದುಗರ ಕೈಗೆ ಬಂದದ್ದು 1994ರಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ.

ಪ್ರಿನ್ಸೆಪ್‌ನ ವಿದ್ವತ್ತು ಸಣ್ಣದೇನಲ್ಲ. ಮರುವರ್ಷವೇ, 1837ರಲ್ಲಿ, ಅವನು ಬ್ರಾಹ್ಮೀ ಲಿಪಿಯನ್ನು ಬಿಡಿಸಿದ. ಅಲ್ಲಿಯೂ ಪಕ್ಕದಲ್ಲಿ ಕಮಲಾಕಾಂತ ವಿದ್ಯಾಲಂಕಾರರೆಂಬ ಪಂಡಿತರಿದ್ದರು. ಆ ಓದು ಇಲ್ಲದಿದ್ದರೆ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಬಂಡೆ ಮೂಕವಾಗಿಯೇ ಉಳಿಯುತ್ತಿತ್ತು. ಸುತ್ತಲ ಜನ ಅದನ್ನು ಅಕ್ಷರಗುಂಡು ಎನ್ನುತ್ತಿದ್ದರು. ಮೇಲಿರುವುದು ಅಕ್ಷರವೆಂದು ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅದು ಅಶೋಕನ ಶಾಸನವೆಂದು ಗುರುತಿಸಿದ. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅದೇ ಮಾತಿನ ಪ್ರತಿಗಳು ಸಿಕ್ಕವು.

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಅವನು ಮಾತೆಲ್ಲವನ್ನೂ ಬ್ರಾಹ್ಮಿಯಲ್ಲಿ ಕೊರೆದು, 'ಲಿಪಿಕಾರ' ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಪಶ್ಚಿಮ ಏಷ್ಯಾದ ಅರಮಾಯಿಕ್‌ನಿಂದ ಹುಟ್ಟಿದ, ಅರಬ್ಬಿ ಉರ್ದುಗಳಂತೆ ಬಲದಿಂದ ಎಡಕ್ಕೆ ಸಾಗುವ, ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿ ಅದು. ಅವನು ಆ ಕಡೆಯಿಂದಲೇ ಬಂದವನಿರಬೇಕು ಎಂದು ವಿದ್ವಾಂಸರ ಊಹೆ. ಸಾಮ್ರಾಟನ ಆಜ್ಞೆಯ ಕೆಳಗೆ ಆ ದೂರದ ನಾಡಿನ ಕೂಲಿಯವನ ಹೆಸರು ಇಪ್ಪತ್ತೆರಡು ಶತಮಾನಗಳಿಂದ ಹಾಗೇ ಉಳಿದಿದೆ.